ಭಾವನ ಸೀಮೆಸುಣ್ಣದ ವ್ಯಾನು

ಇವತ್ತು ಭಾನುವಾರ. ಬೆಳಿಗ್ಗೆ ಎದ್ದು ಮಾಡಿದ ಕೆಲಸಗಳು ಇಷ್ಟು: ಹಾಲು ಕಾಯಿಸಿದೆ. ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಬಿಟ್ಟೆ. ಸಂಪಿನ ಮುಚ್ಚಳ ತೆಗೆದು ನೀರು ಎಷ್ಟಿದೆ ಎಂದು ಬಗ್ಗಿ ನೋಡಿ ಮುಚ್ಚಿದೆ. ಪುಳಿಯೋಗರೆ ಕಲಸಿದೆ, ಮೊಸರನ್ನಕ್ಕೆ ಒಗ್ಗರಣೆ ಕೊಟ್ಟೆ, ಹೋದ ತಿಂಗಳು ಒಣಗಿಸಿಟ್ಟ ಅರಳು ಸಂಡಿಗೆ ಕರಿದು ಡಬ್ಬಿಗೆ ತುಂಬಿದೆ. ನಮ್ಮವರ ಎರಡು ಅಂಗಿ ನೆನೆಹಾಕಿದೆ. ಆಮೇಲೆ ತಾರಸಿಗೆ ಹೋಗಿ ನಮ್ಮ ಭಾವನ ವ್ಯಾನನ್ನು ಕಡ್ಡಿಪೊರಕೆಯಿಂದ ಗುಡಿಸಿಹಾಕಿದೆ.

ಕೊನೆಯ ವಾಕ್ಯ ಓದಿ ನೀವು ಕನ್ನಡಕ ಒರೆಸಿಕೊಳ್ಳುವುದು ಬೇಡ, ಸರಿಯಾಗಿಯೇ ಓದಿದ್ದೀರಿ. ಮಂಚ, ಒಲೆ, ಎರಡು ಬಾಗಿಲು, ನಾಲ್ಕು ಕಿಟಕಿ ಎಲ್ಲ ಇದ್ದ ವ್ಯಾನು ಅದು. ಪಾರ್ಕಿಂಗಿಗಾಗಿ ಯಾರ ಜೊತೆಗೂ ಜಗಳವಾಡದೆ, ಒಂದು ಹನಿ ಪೆಟ್ರೋಲು ಹಾಕಿಸದೆ, ಒಂದು ಸಲವೂ ಪಂಕ್ಚರ್ ಆಗದೆ ಮೂರು ವರ್ಷ ವ್ಯಾನು ಇಟ್ಟುಕೊಂಡವರು ಇಡೀ ಬೆಂಗಳೂರಿನಲ್ಲಿ ನಮ್ಮ ಭಾವ ಒಬ್ಬರೇ ಇರಬೇಕು! ಏಕೆಂದರೆ ಅದು ಇದ್ದದ್ದು ಸೀಮೆಸುಣ್ಣದ ಗೆರೆಯಲ್ಲಿ.

ಭಾವ ಅಂದರೆ ನನ್ನ ಅಕ್ಕನ ಗಂಡ. ಸಿಂಗಸಂದ್ರದ ಈ ಮನೆಯಲ್ಲಿ ಅವರು ಮೇಲೆ, ನಾವು ಕೆಳಗೆ. ಜಿಗಣಿಯ ಒಂದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಮಿಷನ್ನಿನಿಂದ ಇಳಿದ ಬಿಡಿಭಾಗಗಳನ್ನು ಅಳೆದು, ಹಾಳೆಯ ಮೇಲೆ ‘ಪಾಸ್’ ಅಥವಾ ‘ರಿಜೆಕ್ಟ್’ ಎಂದು ಬರೆದು ಸಹಿ ಹಾಕುವುದು ಅವರ ಕೆಲಸವಾಗಿತ್ತು. ಕಾರ್ಖಾನೆ ಅವರನ್ನು ಬಿಟ್ಟಿತು, ಅವರು ಅಳತೆಯನ್ನು ಬಿಡಲಿಲ್ಲ. ನಾನು ಮಾಡಿದ ಚಪಾತಿಯನ್ನು ತಟ್ಟೆಯಲ್ಲೇ ಒಂದು ಸುತ್ತು ತಿರುಗಿಸಿ ನೋಡುತ್ತಾರೆ.

“ಆ ಕಡೆಗಿಂತ ಈ ಕಡೆ ಎರಡು ಮಿಲಿಮೀಟರ್ ಜಾಸ್ತಿ ಕಣಮ್ಮ. ಇರ್ಲಿ, ಡೀವಿಯೇಷನ್ ಮೇಲೆ ತಗೋತೀನಿ.”

ತಪ್ಪಿರುವ ಮಾಲನ್ನು ಹೋಗಲಿ ಪಾಪ ಎಂದು ಒಪ್ಪಿಕೊಳ್ಳುವುದಕ್ಕೆ ಕಾರ್ಖಾನೆಯಲ್ಲಿ ಹಾಗೆನ್ನುತ್ತಾರಂತೆ. ಅಕ್ಕನ ಪ್ರಕಾರ, ಅವಳ ಕೈಯಡುಗೆ ಮದುವೆಯಾದಂದಿನಿಂದ ಡೀವಿಯೇಷನ್ ಮೇಲೆಯೇ ನಡೆಯುತ್ತಿದೆ.

ಇಂಥವರಿಗೆ ನಿವೃತ್ತಿಯಾದ ಮೇಲೆ ಮೊಬೈಲಿನಲ್ಲಿ ಒಂದು ವ್ಯಾನು ಕಂಡಿತು. ಪರದೇಶದ್ದು. ಒಳಗೇ ಮನೆ, ಮಡಚುವ ಮಂಚ, ಎಳೆದರೆ ಬರುವ ಒಲೆ, ಎತ್ತಿದರೆ ಏಳುವ ಚಾವಣಿ. ಅಲ್ಲಿಯವರೆಲ್ಲ ಅದೇ ಮಾಡೆಲ್ಲಿಗೆ ಸಾಲು ನಿಂತಿದ್ದಾರಂತೆ. ಸದ್ಯದಲ್ಲೇ ಇಲ್ಲಿಗೂ ಬರುತ್ತದಂತೆ. ಪ್ರಶ್ನೆ ಇಷ್ಟೇ: ಮುಂದಿನ ಮಾಡೆಲ್ಲು ಪೆಟ್ರೋಲಿನದೋ, ಕರೆಂಟಿನದೋ? ಈ ಒಂದು ಪ್ರಶ್ನೆಯ ಮೇಲೆ ನಮ್ಮ ಮನೆಯ ಸಂಜೆಯ ಕಾಫಿ ಮೂರು ವರ್ಷ ಓಡಿತು. ಗಡ್ಡದವನೊಬ್ಬ ವಿಡಿಯೊ ಮಾಡಿ ಖಂಡಿತ ಕರೆಂಟಿನದೇ ಅನ್ನುತ್ತಿದ್ದ. ಗಡ್ಡವಿಲ್ಲದವನೊಬ್ಬ ಸಾಧ್ಯವೇ ಇಲ್ಲ ಅನ್ನುತ್ತಿದ್ದ. ಭಾವ ಗಡ್ಡದವನ ಪಕ್ಷ. ಒಂದು ದಿನ, ಗುರುತು ಸಿಗದಂತೆ ಕಪ್ಪು ಬಟ್ಟೆ ಸುತ್ತಿ ಪರೀಕ್ಷೆಗೆ ಓಡಿಸುತ್ತಿದ್ದ ಹೊಸ ವ್ಯಾನಿನ ಫೋಟೊ ಬಂತು. ಅದನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ, ಹಿಂದುಗಡೆ ಸೈಲೆನ್ಸರ್ ಇಲ್ಲವೆಂದು ತೀರ್ಮಾನಿಸಿ, ಸಂತೋಷಕ್ಕೆ ಎರಡು ಲೋಟ ಕಾಫಿ ಕುಡಿದರು. ಮರುದಿನ ಇನ್ನೊಂದು ಕಡೆಯಿಂದ ತೆಗೆದ ಫೋಟೊ ಬಂತು. ಅದರಲ್ಲಿ ಸೈಲೆನ್ಸರ್ ಇತ್ತು. ಅವತ್ತು ಮಧ್ಯಾಹ್ನ ಅವರಿಗೆ ಹಸಿವಿರಲಿಲ್ಲ.

ಅರ್ಧ ಪೆಟ್ರೋಲು, ಅರ್ಧ ಕರೆಂಟಿನದು ಬರುತ್ತದಂತಲ್ಲ, ಅದನ್ನೇ ಕೊಂಡರಾಗದೇ ಎಂದು ನಮ್ಮವರು ಒಮ್ಮೆ ಕೇಳಿದರು. ಭಾವ ಅವರನ್ನು ಕನಿಕರದಿಂದ ನೋಡಿದರು. “ಅರ್ಧ ಪಾಸ್ ಅಂತ ನಾನು ಸರ್ವೀಸಿನಲ್ಲೇ ಬರೆದಿಲ್ಲ ಕಣ್ರೀ.”

ಬರುವವರೆಗೆ ಸುಮ್ಮನಿರುವುದು ಹೇಗೆ? ಅದರೊಳಗೆ ಬದುಕುವುದನ್ನು ಅಭ್ಯಾಸ ಮಾಡಬೇಡವೇ? ವಿಡಿಯೊದಲ್ಲಿ ಹೇಳಿದ ಅಳತೆಗೆ ಸರಿಯಾಗಿ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ವ್ಯಾನು ಬರೆದರು. ಒಳಗೆ ಪ್ಲೈವುಡ್ಡಿನ ಮಂಚ, ಅದರ ಕೆಳಗೆ ಎಳೆಯುವ ಪೆಟ್ಟಿಗೆ. ಸಂಜೆ ಅಲ್ಲೇ ಕೂತು ಪೇಪರು ಓದುತ್ತಿದ್ದರು. ನಿಯಮ ಒಂದೇ, ಯಾರೇ ಆಗಲಿ ಬಾಗಿಲಿನಿಂದಲೇ ಒಳಗೆ ಬರಬೇಕು. ಅಕ್ಕ ಕಾಫಿ ಹಿಡಿದು ನೇರ ನಡೆದುಬಂದರೆ ತಡೆಯುತ್ತಿದ್ದರು.

“ಲೇ, ಗೋಡೆಯೊಳಗಿಂದ ಬಂದ್ಯಲ್ಲೇ.”

“ರಾತ್ರಿ ಮಳೆಗೆ ನಿಮ್ಮ ಗೋಡೆ ಕೊಚ್ಕೊಂಡು ಹೋಯ್ತು ರೀ. ಕಾಫಿ ತಗೊಳ್ಳಿ.”

“ಹೋಗಿ ಬಾಗಿಲಲ್ಲಿ ಬಾ.”

ಅಕ್ಕ ಹಿಂದೆ ಹೋಗಿ, ಇಲ್ಲದ ಬಾಗಿಲನ್ನು ಮೊಣಕೈಯಿಂದ ತಳ್ಳಿ ಬರುತ್ತಿದ್ದಳು. ನಾನು ಒಮ್ಮೆ ಗೊತ್ತಿಲ್ಲದೆ ಡ್ರೈವರ್ ಸೀಟಿನ ಮೇಲೆ ಸಂಡಿಗೆ ಇಟ್ಟುಬಿಟ್ಟಿದ್ದೆ. ಅದು ಒಣಗುವವರೆಗೆ ಎರಡು ದಿನ ಭಾವ ವ್ಯಾನು ‘ಓಡಿಸಲಿಲ್ಲ’.

ಇನ್ನು ಆ ಮಂಚದ ಕಥೆ. ಮೊದಲು ಮಾಡಿದಾಗ ಆರೂಕಾಲು ಅಡಿ ಇತ್ತು, ಭಾವ ಉದ್ದಾಳು. ಮುಂದಿನ ಮಾಡೆಲ್ಲಿನಲ್ಲಿ ಬ್ಯಾಟರಿಗೆ ಜಾಗ ಬೇಕಂತೆ, ಒಳಗೆ ನಾಲ್ಕಿಂಚು ಕಡಿಮೆಯಂತೆ ಎಂದು ಸುದ್ದಿ ಬಂತು. ಗರಗಸ ತಂದು ನಾಲ್ಕಿಂಚು ಕೊಯ್ದರು. ಮತ್ತೊಂದು ಸುದ್ದಿಗೆ ಮೂರಿಂಚು ಹೋಯಿತು. ಹೀಗೆ ಒಂದೊಂದು ಗಾಳಿಸುದ್ದಿಗೂ ಮಂಚ ಮೊಟಕಾಗುತ್ತ ಬಂದು ಐದಡಿಗೆ ನಿಂತಿತು. ಭಾವ ಅದರ ಮೇಲೆ ಮಲಗಿದರೆ ಮೀನಖಂಡದಿಂದ ಕೆಳಗಿನ ಭಾಗ ವ್ಯಾನಿನ ಹೊರಗೆ, ನಮ್ಮ ಒಣಹಾಕಿದ ಬಟ್ಟೆಯ ಕೆಳಗೆ ಇರುತ್ತಿತ್ತು.

ಈ ಪಯಣದ ಸಿದ್ಧತೆಯಲ್ಲಿ ತಮಾಷೆ ಏನೆಂದರೆ, ನಮ್ಮ ಅಕ್ಕ ಪಯಣ ಹೋಗುವವಳೇ ಅಲ್ಲ. ಅವಳಿಗೆ ಡೀಸೆಲ್, ಪೆಟ್ರೋಲಿನ ವಾಸನೆ ಆಗದು. ಬಸ್ಸು ಹತ್ತಿ ಮೂರು ಸ್ಟಾಪಿಗೆ ವಾಂತಿ. ಮದುವೆಯ ದಿಬ್ಬಣದ ಟೆಂಪೊದಲ್ಲಿ ಬಾಸಿಂಗ ಒಂದು ಕೈಯಲ್ಲಿ, ಕವರು ಇನ್ನೊಂದು ಕೈಯಲ್ಲಿ ಹಿಡಿದು ಬಂದವಳು. ಎಲ್ಲಿಗೆ ಹೊರಟರೂ ಮೂಸಲು ಒಂದು ನಿಂಬೆಹಣ್ಣು ಸೆರಗಿನಲ್ಲಿ ಇರುತ್ತಿತ್ತು, ನಿಂಬೆಹಣ್ಣು ಸೋಲುತ್ತಿತ್ತು. ಬರಬರುತ್ತ ಎಲ್ಲಿಗೂ ಹೊರಡುವುದನ್ನೇ ಬಿಟ್ಟಳು. ನೆಂಟರ ಮದುವೆಗಳಿಗೆ ನಾನು ಹೋಗಿ ಬಂದು ಯಾರು ಯಾವ ಸೀರೆ ಉಟ್ಟಿದ್ದರು ಎಂದು ಹೇಳಬೇಕು. ಏನಾಸೆ ನಿನಗೆ ಎಂದು ಒಮ್ಮೆ ಕೇಳಿದ್ದಕ್ಕೆ, ಕಟ್ಟಡ ಕಾಣದ ಜಾಗದಲ್ಲಿ ಒಂದು ದಿನ ಚಾಪೆ ಹಾಸಿಕೊಂಡು ಊಟ ಮಾಡಬೇಕು, ಅಷ್ಟೇ ಅಂದಿದ್ದಳು. ಸಿಂಗಸಂದ್ರದಲ್ಲಿ ಕೂತು ಎಂಥ ದುಬಾರಿ ಆಸೆ ನೋಡಿ! ನಮ್ಮ ತಾರಸಿಯಲ್ಲಿ ಯಾವ ಕಡೆ ತಿರುಗಿ ಕೂತರೂ ಐದಂತಸ್ತಿನ ಪಿ.ಜಿ. ಹಾಸ್ಟೆಲ್ಲೊಂದು ಎದುರಿಗಿರುತ್ತದೆ.

ಮೆಟ್ರೊ ಬಂದಾಗ ಮಾತ್ರ ನಾನು ಒತ್ತಾಯ ಮಾಡಿ ಅವಳನ್ನು ಕರೆದುಕೊಂಡು ಹೋಗಿದ್ದೆ. ಭಾವನೂ ಬಂದಿದ್ದರು. ದಾರಿಯುದ್ದಕ್ಕೂ ಅವರು ಹೊರಗೆ ನೋಡಲೇ ಇಲ್ಲ, ಅಕ್ಕನ ಮುಖವನ್ನೇ ನೋಡುತ್ತಿದ್ದರು. ವಯಸ್ಸಾದ ಮೇಲೆ ಇದೇನು ಎಂದು ನಾನು ಮುಸಿಮುಸಿ ನಕ್ಕಿದ್ದೆ. ಅದಕ್ಕಿಂತ ಹೆಚ್ಚಿನದೇನೂ ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಭಾವ ಮೆಟ್ಟಿಲ ಕೆಳಗೆ ಚಾರ್ಜಿಂಗ್ ಪಾಯಿಂಟನ್ನೂ ಹಾಕಿಸಿಬಿಟ್ಟಿದ್ದರು. ಮೇಲೊಂದು ಬೋರ್ಡು: ‘ವ್ಯಾನಿಗೆ ಮಾತ್ರ’. ವ್ಯಾನು ಬರುವವರೆಗೆ ಅದನ್ನು ಬಳಸುತ್ತಿದ್ದವನು ಹಿಂದಿನ ರೂಮಿನಲ್ಲಿ ಬಾಡಿಗೆಗಿರುವ ಶರಣಪ್ಪ. ಯಾದಗಿರಿ ಕಡೆಯವನು, ಹೆಂಡತಿ ಮಕ್ಕಳು ಊರಲ್ಲಿದ್ದಾರೆ. ಜಿಗಣಿಯಿಂದ ಅಂಗಡಿಗಳಿಗೆ ಡಬ್ಬಗಳನ್ನು ಸಾಗಿಸುವ ಸಣ್ಣ ಲಗೇಜ್ ಗಾಡಿ ಅವನದು. ದಿನಾ ಸಂಜೆ ಬಂದು, ಆ ಬೋರ್ಡಿನ ಕೆಳಗೇ ಗಾಡಿ ನಿಲ್ಲಿಸಿ ವೈರು ಚುಚ್ಚುತ್ತಿದ್ದ. ಭಾವ ಅವನ ಗಾಡಿಯನ್ನು ಸುತ್ತಿಕೊಂಡು ಹೋಗಿ ಮೆಟ್ಟಿಲು ಹತ್ತಿ, ತಾರಸಿಯಲ್ಲಿ ಕೂತು, ಕರೆಂಟಿನ ವ್ಯಾನು ಯಾವಾಗ ಬರುತ್ತದೋ ಎಂದು ಮೊಬೈಲು ನೋಡುತ್ತಿದ್ದರು. ನಾನೂ ದಿನಾ ಅದರ ವೈರು ದಾಟಿಕೊಂಡೇ ತುಳಸಿಗೆ ನೀರು ಹಾಕುತ್ತಿದ್ದೆ. ಅಳೆಯುವವರಿಗೂ ಕಾಣಲಿಲ್ಲ, ಇದನ್ನು ಬರೆದಿಡುವ ನನಗೂ ಕಾಣಲಿಲ್ಲ.

ಕಳೆದ ಸೋಮವಾರ ಸುದ್ದಿ ಬಂತು. ಗಡ್ಡದವನೇ ಹೇಳಿದ. ಕರೆಂಟಿನ ಮಾಡೆಲ್ಲನ್ನು ಕಂಪನಿ ಕೈಬಿಟ್ಟಿದೆಯಂತೆ. ಇನ್ನು ಎಷ್ಟೋ ವರ್ಷ ಪೆಟ್ರೋಲಿನದೇ ಗತಿಯಂತೆ. ನಾನು ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ವ್ಯಾನಿನ ಮಂಚದ ಮೇಲೆ ಕೂತಿದ್ದ ಭಾವ ಮೊಬೈಲು ಆರಿಸಿ ಜೇಬಿಗಿಟ್ಟರು. ಆಮೇಲೆ ಎದ್ದು ಹೊರಗೆ ಬಂದರು.

ಬಾಗಿಲಿನಿಂದಲ್ಲ. ಗೋಡೆಯೊಳಗಿಂದ.

ಮೂರು ವರ್ಷದಲ್ಲಿ ಅವರು ಹಾಗೆ ಬಂದದ್ದು ಅದೇ ಮೊದಲು. “ಮಂಚ ಯಾರಿಗಾದ್ರೂ ಬೇಕಿದ್ರೆ ಕೊಟ್ಬಿಡಮ್ಮ” ಎಂದು ಕೆಳಗಿಳಿದು ಹೋದರು.

ಕೊಡುವ ಮುಂಚೆ ಖಾಲಿ ಮಾಡೋಣವೆಂದು ಮಂಚದ ಕೆಳಗಿನ ಪೆಟ್ಟಿಗೆ ಎಳೆದೆ. ಒಂದು ಟಾರ್ಚು, ಎರಡು ಸ್ಟೀಲ್ ಲೋಟ, ಕಾರ್ಖಾನೆಯ ಒಂದು ಇನ್ಸ್‌ಪೆಕ್ಷನ್ ಹಾಳೆ. ಮಾಲಿನ ಹೆಸರು ಬರೆಯುವ ಕಡೆ ಅಕ್ಕನ ಹೆಸರಿತ್ತು. ಕೆಳಗೆ ಅವರ ದುಂಡು ಅಕ್ಷರದಲ್ಲಿ:

ಸಿಟಿ ಬಸ್ಸು. ಬೊಮ್ಮನಹಳ್ಳಿ ತನಕ. ರಿಜೆಕ್ಟ್.
ಆಟೊ. ಕೂಡ್ಲು ಗೇಟ್ ತನಕ. ರಿಜೆಕ್ಟ್.
ಸ್ನೇಹಿತರ ಕಾರು, ಎ.ಸಿ. ಹಾಕಿ. ಎಲೆಕ್ಟ್ರಾನಿಕ್ ಸಿಟಿ ತನಕ. ರಿಜೆಕ್ಟ್.
ಅದೇ ಕಾರು, ಕಿಟಕಿ ತೆಗೆದು. ಚಂದಾಪುರ ತನಕ. ರಿಜೆಕ್ಟ್.
ಮೆಟ್ರೊ, ಕರೆಂಟಿನದು. ಕೊನೆಯ ಸ್ಟೇಷನ್ನಿಗೆ ಹೋಗಿ ವಾಪಸ್. ಏನೂ ಆಗಲಿಲ್ಲ. ಕಿಟಕಿಯಲ್ಲಿ ನೋಡುತ್ತ ಎರಡು ಸಲ ನಕ್ಕಳು. ಪಾಸ್.

ಆ ಹಾಳೆಯನ್ನು ಇನ್ನೊಂದು ಸಲ ಮೇಲಿನಿಂದ ಓದಿದೆ. ಗಡ್ಡದವನ ಪಕ್ಷ, ಸೈಲೆನ್ಸರ್ ಹುಡುಕಾಟ, ಉಪವಾಸ... ನಾವೆಲ್ಲ ಹಿಂದಿನಿಂದ ನಕ್ಕದ್ದೆಷ್ಟು!

ಕೆಳಗೆ ಬಂದರೆ ಶರಣಪ್ಪ ಗಾಡಿಗೆ ವೈರು ಚುಚ್ಚುತ್ತಿದ್ದ. ಸಾಹೇಬರು ಯಾಕೆ ಮುಖ ಸಪ್ಪಗೆ ಮಾಡಿಕೊಂಡು ಹೋದರು ಎಂದು ಕೇಳಿದ. ಕರೆಂಟಿನ ವ್ಯಾನು ಬರುವುದಿಲ್ಲವಂತೆ, ಅಕ್ಕನಿಗೆ ಬೇರೆ ಗಾಡಿ ಆಗುವುದಿಲ್ಲ ಎಂದೆ. ಅವನು ಕೈಯಲ್ಲಿದ್ದ ವೈರನ್ನು ನೋಡಿದ, ನನ್ನನ್ನು ನೋಡಿದ.

“ಹಂಗಂದ್ರ ಇದೇನ್ರಿ ಅಕ್ಕಾರ? ಇದೂ ಕರೆಂಟಿಂದ ಐತಲ್ರಿ.”

ಭಾವನನ್ನು ಕರೆಸಿದೆವು. ಅವರು ಗಾಡಿಯ ಸುತ್ತ ಮೂರು ಸುತ್ತು ಬಂದರು. ಬಗ್ಗಿ ಹಿಂದುಗಡೆ ಸೈಲೆನ್ಸರ್ ಇದೆಯೇ ಎಂದು ಕೈಯಾಡಿಸಿ ನೋಡಿದರು. ಟೇಪು ತಂದು ಹಿಂದಿನ ತೊಟ್ಟಿಯನ್ನು ಅಳೆದರು. ಮೂಸಿ ನೋಡಿದರು. ರಟ್ಟಿನ ಡಬ್ಬದ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಒಲೆ ಇಲ್ಲ, ಕಿಟಕಿ ಇಲ್ಲ, ಚಾವಣಿಗೆ ಟಾರ್ಪಾಲು. ಎಲ್ಲ ಮುಗಿಸಿ ಟೇಪು ಸುತ್ತಿದರು. “ಡೀವಿಯೇಷನ್ ಮೇಲೆ ತಗೋಬಹುದು.”

ಹಾಗಾಗಿ ಇವತ್ತು ಹೊರಟೆವು. ಅಕ್ಕ ನಿಂಬೆಹಣ್ಣು ಹಿಡಿದು ಮುಂದೆ ಶರಣಪ್ಪನ ಪಕ್ಕ. ಐದಡಿಯ ಮಂಚವನ್ನು ಹಿಂದೆ ಏರಿಸಿ, ಅದರ ಮೇಲೆ ಭಾವ, ನಮ್ಮವರು, ನಾನು. ಪೊಲೀಸರು ತಡೆದರೆ ನಾವು ಮೂವರೂ ಲಗೇಜು ಎಂದು ಹೇಳುವುದಾಗಿ ನಮ್ಮವರು ತೀರ್ಮಾನಿಸಿದ್ದರು. ಮುಂದಿನ ಸೀಟಿನ ಹಿಂದೆ ಒಂದು ಸಣ್ಣ ಗಾಜು ಇದೆ, ಭಾವ ಅದಕ್ಕೆ ಮೂಗು ಒತ್ತಿ ಅಕ್ಕನ ತುರುಬನ್ನೇ ನೋಡುತ್ತಿದ್ದರು. ಎಲೆಕ್ಟ್ರಾನಿಕ್ ಸಿಟಿ ದಾಟಿತು. ಹೆಬ್ಬಗೋಡಿ ದಾಟಿತು. ಚಂದಾಪುರದ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಭಾವ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು. ಪಕ್ಕದಲ್ಲೇ ಒಂದು ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಅಕ್ಕನ ತುರುಬು ಮುಂದಕ್ಕೆ ವಾಲಿತು.

ಆಯಿತು, ಇಷ್ಟೇ ಎಂದುಕೊಂಡೆ.

ಅವಳು ಶರಣಪ್ಪನಿಗೆ ರಸ್ತೆ ಪಕ್ಕದ ಕನಕಾಂಬರ ತೋರಿಸುತ್ತಿದ್ದಳು. ಒಂದು ಮೊಳ ತಗೊಳ್ಳೋಣವೇ ಎಂದು ಕೇಳುತ್ತಿದ್ದಳಂತೆ. ಚಂದಾಪುರ ದಾಟಿತು.

ಆನೇಕಲ್ಲಿನ ಆಚೆ ಒಂದು ಕೆರೆ. ಏರಿಯ ಮೇಲೆ ಒಂದು ಆಲದ ಮರ. ಅಕ್ಕ ಇಳಿದು, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿದಳು. ಒಂದೂ ಕಟ್ಟಡವಿರಲಿಲ್ಲ. ಆಮೇಲೆ ಭಾವನ ಕಡೆ ನೋಡಿ, “ಏನ್ರೀ, ಬಾಗಿಲು ಎಲ್ಲಿದೆ ಈ ಜಾಗಕ್ಕೆ, ಹೇಗೆ ಒಳಗೆ ಹೋಗ್ಬೇಕು?” ಅಂದಳು.

“ಎಲ್ಲಿಂದ ಬೇಕಾದ್ರೂ ಹೋಗೇ” ಅಂದರು ಭಾವ.

ಚಾಪೆ ಹಾಸಿದೆವು. ಪುಳಿಯೋಗರೆ, ಮೊಸರನ್ನ, ಅರಳು ಸಂಡಿಗೆ, ಶರಣಪ್ಪ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಸೌತೆಕಾಯಿ ಹೆಚ್ಚಿದ ಮೇಲೆ ಹುಳಿ ತಂದಿಲ್ಲವೆಂದು ನೆನಪಾಯಿತು. ಅಕ್ಕ ಸೆರಗಿನಿಂದ ಆ ನಿಂಬೆಹಣ್ಣು ತೆಗೆದು ಕೊಟ್ಟಳು. ಅದನ್ನೇ ಕೊಯ್ದು ಹಿಂಡಿದೆವು. ಭಾವ ಎರಡು ಸಲ ಹಾಕಿಸಿಕೊಂಡರು. ರೊಟ್ಟಿಯ ದುಂಡನ್ನು ತಿರುಗಿಸಿ ನೋಡಲಿಲ್ಲ.

ಊಟವಾದ ಮೇಲೆ ಅಕ್ಕ ಸ್ವಲ್ಪ ಬೆನ್ನು ಚಾಚುತ್ತೇನೆ ಎಂದು ಗಾಡಿ ಹತ್ತಿ ಮಂಚದ ಮೇಲೆ ಮಲಗಿದಳು. ಅವಳು ಗಿಡ್ಡಾಳು. ಅಷ್ಟು ಗಾಳಿಸುದ್ದಿಗಳು ಸೇರಿ ಕೊಯ್ದ ಆ ಮಂಚ ಅವಳಿಗೆ ಒಂದಿಂಚು ಹೆಚ್ಚಿಲ್ಲ, ಒಂದಿಂಚು ಕಡಿಮೆಯಿಲ್ಲ. ಗಾಡಿಯನ್ನು ನೆರಳು ಜಾಸ್ತಿ ಇರುವ ಕಡೆ ನಾಲ್ಕು ಹೆಜ್ಜೆ ಸರಿಸುತ್ತೇನೆ ಎಂದು ಶರಣಪ್ಪ ಎದ್ದ. ಭಾವ ಅವನ ತೋಳು ಹಿಡಿದು ಕೂರಿಸಿದರು.

“ಚಾಲೂ ಮಾಡಿದ್ರೂ ಸಪ್ಪಳಾ ಬರಂಗಿಲ್ರಿ ಸರ” ಎಂದು ಅವನು ಪಿಸುಗುಟ್ಟಿದ.

“ಗೊತ್ತು. ಆದ್ರೂ ಬೇಡ.”

ಗಾಡಿಯೊಳಗೆ ಅಕ್ಕನಿಗೆ ಆಗಲೇ ನಿದ್ದೆ ಹತ್ತಿತ್ತು.