ತಾಮ್ರದ ಮೇಲೆ ನಮ್ಮತ್ತೆ

ಸೊಸೆಯಾದವಳಿಗೆ ಅತ್ತೆಯ ಮುಖ ಓದಲು ಬಂದರೆ ಸಾಕು, ಸಂಸಾರ ಹೇಗೋ ಸಾಗುತ್ತದೆ. ನನಗೆ ಮಾತ್ರ ಅದನ್ನು ಕೆತ್ತುವ ಯೋಗ ಬಂತು. ಜಪಾನಿನ ಎಡೋಗಾವಾದಲ್ಲಿ ಮನೆ ಮಾಡಿದ ಮೇಲೆ, ಗಂಡ ಆಫೀಸಿಗೂ ಮಗಳು ಶಾಲೆಗೂ ಹೋದ ಬಳಿಕ ಹೊತ್ತು ಕಳೆಯಲೆಂದು ಮನೆ ಹತ್ತಿರದ ಸಮುದಾಯ ಭವನದಲ್ಲಿ ತಾಮ್ರದ ಕೆತ್ತನೆ ಕಲಿಯುತ್ತಿದ್ದೆ. ಕಲಿಸುವ ಮೊರಿ ಸಾನ್‌ಗೆ ಯುರೋಪಿನ ಬರೋಕ್ ಕಾಲದ ಭಾವಚಿತ್ರಗಳೆಂದರೆ ಪ್ರಾಣ. ಮೈಸೂರಿನಿಂದ ಬಂದಿದ್ದ ಅತ್ತೆಯನ್ನೂ ಒಂದು ದಿನ ಅಲ್ಲಿಗೆ ಕರೆದೊಯ್ದೆ.

"ಯಾರೇ ಇವರೆಲ್ಲ? ವಿಗ್ ಹಾಕ್ಕೊಂಡು, ಹಿಂದೆ ಪರದೆ ಬಿಟ್ಕೊಂಡು?" ಎಂದರು ಗೋಡೆಯ ಮೇಲಿನ ಚಿತ್ರಗಳನ್ನು ನೋಡಿ.

ಮೊರಿ ಸಾನ್ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ಬಣ್ಣದ ಚಿತ್ರ ಒಂದೇ ಗೋಡೆಯಲ್ಲಿ ಉಳಿಯುತ್ತದೆ. ದೊಡ್ಡ ಮನುಷ್ಯ ಅನ್ನಿಸಿಕೊಳ್ಳಬೇಕಾದವನು ಮುಖವನ್ನು ತಾಮ್ರದಲ್ಲಿ ಕೆತ್ತಿಸಿ, ಕೆಳಗೆ ಬಿರುದು ಹಾಕಿಸಿ, ಅದರಿಂದ ಕಾಗದಕ್ಕೆ ಒತ್ತಿದ ಅಚ್ಚುಗಳನ್ನು ಬೇಕಾದವರಿಗೆಲ್ಲ ಹಂಚುತ್ತಿದ್ದನಂತೆ.

"ನಮ್ಮೂರಿನ ಫ್ಲೆಕ್ಸ್ ಥರ ಅನ್ನು. ನಂದೂ ಒಂದು ಮಾಡೇ!"

ಅತ್ತೆ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲವೆನ್ನಲಾದೀತೆ? ಉಳಿಯನ್ನು ಅಂಗೈಯಿಂದ ತಳ್ಳಿದರೆ ತಾಮ್ರ ಸುರುಳಿಯಾಗಿ ಏಳುತ್ತದೆ. ಒತ್ತಿದರೆ ಗೆರೆ ದಪ್ಪ, ಸಡಿಲಿಸಿದರೆ ಸಣ್ಣ, ಗೆರೆಗಳು ಅಡ್ಡ ಹಾಯ್ದಲ್ಲಿ ನೆರಳು. ಕೈ ಜಾರಿದರೆ ಅಳಿಸಲು ರಬ್ಬರಿಲ್ಲ. ಜಾರಿದ್ದು ಅತ್ತೆಯ ಮೂಗಿನ ಮೇಲಾದರೆ ಕಥೆ ಮುಗಿಯಿತು. ಉಸಿರು ಬಿಗಿಹಿಡಿದು ಕೆತ್ತಿದೆ. ಕೆನ್ನೆ ತುಂಬಿಕೊಂಡಿತು, ಜರಿ ಮಿಂಚಿತು. ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆಂದು ಹೆಸರಿನ ಅಕ್ಷರಗಳನ್ನು ಜಾಣತನದಿಂದ ತಿರುಗಿಸಿ ಕೊರೆದೆ.

ಎಲ್ಲರೆದುರು ಅಚ್ಚೊತ್ತಿ ಕಾಗದ ಎತ್ತಿದೆ. ಹೆಸರು ಸರಿಯಾಗಿತ್ತು, ಸೆರಗು ಬಲಭುಜಕ್ಕೆ ಹಾರಿತ್ತು! ಮೂಗುಬೊಟ್ಟೂ ಪಕ್ಷ ಬದಲಿಸಿತ್ತು. ಅಕ್ಷರ ತಿರುಗಿಸಿದ ಬುದ್ಧಿವಂತೆ ಅತ್ತೆಯನ್ನು ತಿರುಗಿಸಲು ಮರೆತಿದ್ದೆ. ಬಾಯಲ್ಲಿ ಬಂದದ್ದು ಇಲ್ಲಿಯವರು ಕ್ಷಮೆ ಕೇಳುವ "ಸುಮಿಮಾಸೆನ್" ಮಾತ್ರ.

ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದೇ ಕಣೇ ನಾನು! ಫೋಟೋದಲ್ಲೆಲ್ಲ ಯಾರೋ ಬೇರೆಯವಳ ಥರ ಕಾಣ್ತೀನಿ. ದಿನಾ ಕನ್ನಡೀಲಿ ನೋಡೋ ಮುಖ ಇದು!"

ಮೊರಿ ಸಾನ್ ಚಪ್ಪಾಳೆ ತಟ್ಟಿದರು. "ಅಜ್ಜಿ, ಕವಾಯಿ! ಸೋ ಕ್ಯೂಟ್!" ಎಂದು ಮಗಳು ಕುಣಿದಳು. ಅತ್ತೆ ಪ್ರತಿಗಳನ್ನು ಬಂಧುಬಳಗಕ್ಕೆಲ್ಲ ಕಳಿಸಿ, "ನನ್ನ ಸೊಸೆ ಕೈಯಾರೆ ಕೆತ್ತಿದ್ದು" ಎಂದು ಫೋನಿನಲ್ಲಿ ಸಾರಿದರು. ಮದುವೆಯಾದಾಗಿನಿಂದ ನನ್ನ ಸಾಂಬಾರಿಗೆ ಸಿಗದ ಬಿರುದು ತಾಮ್ರಕ್ಕೆ ಸಿಕ್ಕಿತು. ಚಿಕ್ಕತ್ತೆಯಂತೂ ತಮ್ಮ ಫೋಟೋ ಕಳಿಸಿ, "ವಯಸ್ಸು ಸ್ವಲ್ಪ ಕಮ್ಮಿ ಇರಲಿ" ಎಂದಿದ್ದಾರೆ.

ಗೆದ್ದ ಹುಮ್ಮಸ್ಸಿನಲ್ಲಿ ನನ್ನದೇ ಮುಖವನ್ನೂ ಕೆತ್ತಿಕೊಂಡೆ. ಅಚ್ಚನ್ನು ಅತ್ತೆಯ ಕೈಗಿಟ್ಟು ಹೆಮ್ಮೆಯಿಂದ ನಿಂತೆ.

"ಎಷ್ಟು ಲಕ್ಷಣವಾಗಿದ್ದಾಳೆ!" ಎಂದರು ಅತ್ತೆ. "ಯಾರಮ್ಮ ಈ ಹುಡುಗಿ?"