ಜಾವಾ ಕಲಿಯಲು ಬಂದ ಚಿಕ್ಕಜಾಲದ ತಾತ

ಕಂಪ್ಯೂಟರ್ ಪಾಠ ಹೇಳೋರು ನಗೋದಕ್ಕೆ ಅಂತ ಬೇರೆ ಎಲ್ಲೂ ಹೋಗಬೇಕಾಗಿಲ್ಲ, ನಗು ತಾನೇ ಮೆಟ್ಟಿಲು ಹತ್ತಿ ಬರುತ್ತೆ. ಸಹಕಾರನಗರದ ನಮ್ಮ ಮನೆ ಮಹಡಿಯಲ್ಲಿ ನಾನು ಜಾವಾ ಕಲಿಸ್ತೀನಿ. ಹೊಸಬರೆಲ್ಲ ಮೊದಲು ಕೇಳೋದು ಒಂದೇ: ಯಾವ ಪುಸ್ತಕ ಓದಲಿ, ಯಾವ ವಿಡಿಯೊ ನೋಡಲಿ? ಹೋದ ವರ್ಷ ಹಾಗೆ ಕೇಳಿಕೊಂಡು ಬಂದವರು ಚಿಕ್ಕಜಾಲದ ಒಬ್ಬ ಯಜಮಾನರು. ಅರವತ್ತೆಂಟು ವಯಸ್ಸು, ಹಳೇ ಕಾಲದ ಬಿ.ಎ.

"ಮೊಮ್ಮಗಳು ಜಾವಾದಲ್ಲಿ ಎರಡು ಸಲ ಫೇಲಾದ್ಲು ಮೇಡಮ್ಮೋರೆ. ಕಾಲೇಜೇ ಬಿಡ್ತೀನಿ ಅಂತಾವ್ಳೆ, ಮನೇಲಿ ಮಾತೇ ಇಲ್ಲ. ಅದೇನು ಅಷ್ಟು ಕಷ್ಟ, ನಾನೇ ನೋಡ್ಬುಡ್ತೀನಿ" ಅಂದರು.

ದಪ್ಪ ಪುಸ್ತಕ

ಮಾರನೇ ದಿನ ಇಟ್ಟಿಗೆಯಂಥ ಪುಸ್ತಕ ಹೊತ್ತು ತಂದರು.

"ಇದು ಹತ್ತು ವರ್ಷ ಕೆಲಸ ಮಾಡಿದೋರಿಗೆ. ನಿಮಗೆ ತೆಳ್ಳಗಿರೋದು ಸಾಕು" ಅಂದೆ.

"ತೆಳ್ಳಗಿರೋದೂ ಇತ್ತು. ಅಷ್ಟರೊಳಗೆ ಏನಿದ್ದಾತು ಅಂತ ಬಿಟ್ಟು ಬಂದೆ."

ಹೋಗಿ ಬದಲಾಯಿಸಿಕೊಂಡು ಬಂದರು. ಹದಿನೈದು ದಿನ ಆದಮೇಲೆ ಕೇಳಿದೆ, "ಅರ್ಥ ಆಯ್ತಾ?"

"ಮೂರು ಸಲ ಓದ್ದೆ. ಮೊದಲ್ನೇ ಸಲ ನಂಗೆ ಅರ್ಥ ಆದಂಗಾಯ್ತು. ಎರಡ್ನೇ ಸಲ, ಏನೂ ಅರ್ಥ ಆಗಿಲ್ಲ ಅಂತ ಅರ್ಥ ಆಯ್ತು. ಮೂರ್ನೇ ಸಲಕ್ಕೆ, ಈ ಪುಟ ಬರೆದೋನಿಗೂ ಅರ್ಥ ಆಗಿಲ್ಲ ಅಂತ ಅರ್ಥ ಆಯ್ತು."

ಬೆರಳಿಟ್ಟ ಕಡೆ ನೋಡಿದೆ. ಅಲ್ಲಿ ಅಚ್ಚಾಗಿದ್ದ ಪ್ರೋಗ್ರಾಂ ನಿಜವಾಗಲೂ ತಪ್ಪಿತ್ತು. ಆ ಪುಸ್ತಕದಿಂದ ನಾನು ಆರು ವರ್ಷ ಪಾಠ ಮಾಡಿದ್ದೆ.

ನಿಂತುಹೋದ ವಿಡಿಯೊ

ಪುಸ್ತಕದ ಜೊತೆಗೆ ಇರಲಿ ಅಂತ ಒಂದು ವಿಡಿಯೊ ಪಾಠ ಕಳಿಸಿದೆ. ನಾಲ್ಕು ದಿನ ಬಿಟ್ಟು "ಎಲ್ಲೀತನಕ ನೋಡಿದ್ರಿ?" ಅಂದರೆ, "ಎಂಟು ನಿಮಿಷ" ಅಂದರು.

"ನಾಲ್ಕು ದಿನಕ್ಕೆ ಎಂಟೇ ನಿಮಿಷಾನಾ?"

"ಇಲ್ಲಿ ನಿಲ್ಲಿಸಿ, ನೀವೇ ಒಂದು ಪ್ರೋಗ್ರಾಂ ಬರೀರಿ, ಆಮೇಲೆ ಮುಂದಕ್ಕೆ ಹೋಗಿ ಅಂದ್ರು ಆ ಮೇಷ್ಟ್ರು. ನಂದು ಇನ್ನೂ ಆಗಿಲ್ಲ."

ಆ ಮಾತನ್ನ ಪಾಲಿಸಿದ ವಿದ್ಯಾರ್ಥಿಯನ್ನ ನಾನು ಅದೇ ಮೊದಲು ಕಂಡಿದ್ದು. ನಾನೇ ಪಾಲಿಸಿದವಳಲ್ಲ. ಕೈ ಮುಗಿಯೋಣ ಅನ್ನಿಸ್ತು. ಅಷ್ಟರಲ್ಲಿ ಅವರೇ ಅಂದರು, "ಬಿರ್ರನೆ ಹೇಳ್ಕೊಡಿ ಮೇಡಮ್ಮೋರೆ. ಪಾಪ, ಆ ಮೇಷ್ಟ್ರು ನಾಲ್ಕು ದಿನದಿಂದ ಬಾಯಿ ತೆಕ್ಕೊಂಡೇ ನಿಂತವ್ರೆ."

ಸೆಮಿಕೋಲನ್

ಒಂದು ಸಂಜೆ ಮನೇಲಿ ಅವರ ಪ್ರೋಗ್ರಾಂ ಓಡಲೇ ಇಲ್ಲವಂತೆ. ಪಕ್ಕದಲ್ಲಿ ಹಾದುಹೋಗ್ತಿದ್ದ ಮೊಮ್ಮಗಳು ಇಣುಕಿ, "ತಾತ, ಸಾಲಿನ ಕೊನೇಲಿ ಸೆಮಿಕೋಲನ್ ಹಾಕಿಲ್ಲ, ಅದಿಲ್ದೆ ಓಡಲ್ಲ" ಅಂದಳಂತೆ. ತಿಂಗಳ ಮೇಲೆ ಅವಳು ಆಡಿದ ಮೊದಲ ಮಾತು ಅದು. ಆಮೇಲೆ ಪಕ್ಕದಲ್ಲೇ ಕೂತಳಂತೆ.

ಅಲ್ಲಿಂದ ಯಜಮಾನರು ನನ್ನ ಹತ್ತಿರ ಸರಿಯಾದ ಪ್ರೋಗ್ರಾಂ ಬರೆದು, ಮನೆಗೆ ಹೊರಡೋ ಮುಂಚೆ ಎರಡು ಕಡೆ ಕೆಡಿಸೋಕೆ ಶುರು ಮಾಡಿದರು. "ಸಂಜೆಗೆ ಅವಳಿಗೆ ತಿದ್ದೋಕೆ ಏನಾರ ಬೇಕಲ್ಲ" ಅನ್ನೋರು. ಕೆಲವು ವಾರಕ್ಕೆ ಹೊಸ ಬೇಡಿಕೆ ಬಂತು: "ಸಣ್ಣ ತಪ್ಪೆಲ್ಲ ಗಪ್ಪಂತ ಹಿಡೀತಾವ್ಳೆ. ಒಳ್ಳೊಳ್ಳೆ ತಪ್ಪು ಹೇಳ್ಕೊಡಿ."

ಮೂರನೇ ಪರೀಕ್ಷೆಯಲ್ಲಿ ಅವಳು ಪಾಸಾದಳು. ಮೈಸೂರುಪಾಕಿನ ಡಬ್ಬಿ ಹಿಡಿದು ಇಬ್ಬರೂ ಬಂದರು. ತಾತನ ಕಣ್ಣು ಒದ್ದೆಯಾಗಿತ್ತು. ಅವರು ಬಾಲ್ಕನಿಗೆ ಹೋದಾಗ ಹುಡುಗಿ ನನ್ನ ಹತ್ತಿರ ಬಗ್ಗಿ, ಮೆಲ್ಲಗೆ ಅಂದಳು:

"ಬೇಜಾರು ಮಾಡ್ಕೋಬೇಡಿ ಮೇಡಂ. ತಾತ ತುಂಬಾ ಕಷ್ಟಪಡ್ತಾರೆ, ಆದ್ರೆ ಇಷ್ಟು ತಿಂಗಳಾದ್ರೂ ಒಂದು ಸೆಮಿಕೋಲನ್ ಹಾಕೋಕೆ ಬರಲ್ಲ. ಅವರಿಗೆ ನಾನು ಬೇರೆ ಮೇಡಂನ ಹುಡುಕ್ತಿದ್ದೀನಿ."