ನೂರಿಗೆ ಹಾಕಿಸಿದ ಕಾಂಕ್ರೀಟ್ ನೆಲ

ತನ್ನ ಕೆಲಸವನ್ನು ಚೆನ್ನಾಗಿ ಬಲ್ಲ ಮನುಷ್ಯನಿಗೆ ಬುದ್ಧಿ ಹೇಳುವುದು ಕಷ್ಟ. ಎಲ್ಲವನ್ನೂ ಕೇಳಿಸಿಕೊಂಡಂತೆ ತಲೆಯಾಡಿಸುವ ಅಭ್ಯಾಸವೂ ಅವನಿಗಿದ್ದರೆ ಇನ್ನೂ ಕಷ್ಟ. ನನಗೆ ಎರಡೂ ಇವೆ. ಕೋಡಿಂಬಾಳದಲ್ಲಿ ನನ್ನ ಮನೆ. ಕಾಂಕ್ರೀಟ್ ನೆಲ ಹಾಕಿಸಿಕೊಡುವುದು ನನ್ನ ಕಸುಬು. ಕಡಬದಿಂದ ಸುಳ್ಯದವರೆಗೆ ಅಂಗಳ, ದನದ ಹಟ್ಟಿ, ಅಂಗಡಿ ಕೋಣೆ ಅಂತ ಎಷ್ಟು ನೆಲ ಹಾಕಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ನಾನು ಹಾಕಿಸಿದ ನೆಲದಲ್ಲಿ ಬಿರುಕು ಕಂಡವರಿಲ್ಲ. ಕಂಡವರಿದ್ದರೂ ನನ್ನೆದುರು ಹೇಳಿಲ್ಲ. ನನ್ನ ಸ್ವಂತ ಹಿತ್ತಿಲಿನಲ್ಲಿ ಗೇಟಿನಿಂದ ಬಾವಿಕಟ್ಟೆಯವರೆಗೆ ಮಣ್ಣು ಎನ್ನುವುದು ಕಣ್ಣಿಗೆ ಬೀಳುವುದಿಲ್ಲ. ನನ್ನ ಹೆಂಡತಿ ಯಮುನಾಳ ಕರಿಬೇವಿನ ಗಿಡ ಇಪ್ಪತ್ತು ಲೀಟರಿನ ಪೈಂಟ್ ಡಬ್ಬಿಯೊಳಗೆ ನಿಂತು ಮೂರು ವರ್ಷವಾಯಿತು. ಅದು ಸೊರಗಿದೆ ಎಂದು ಅವಳು ಹೇಳಿದರೆ, ಡಬ್ಬಿ ಸಣ್ಣದಾಯಿತು ಎಂದು ನಾನು ಹೇಳುತ್ತೇನೆ.

ಸವಣೂರಿನ ಅಬ್ಬಾಸ್ ಬ್ಯಾರಿಗಳು ನನ್ನ ಮೂವತ್ತು ವರ್ಷದ ಸ್ನೇಹಿತರು. ಮದುವೆ ದಿಬ್ಬಣಕ್ಕೆ ಕುದುರೆ ಕೊಡುವುದು ಅವರ ಕೆಲಸ. ಅವರಲ್ಲಿದ್ದದ್ದು ಎರಡು ಕುದುರೆ. ನೂರಿ ಎಂಬ ಬಿಳಿ ಹೆಣ್ಣು, ವಯಸ್ಸಾದದ್ದು. ಸುಲ್ತಾನ ಎಂಬ ಕಂದು ಗಂಡು, ಸ್ವಲ್ಪ ಚಿಕ್ಕದು. ಪುತ್ತೂರಿನ ಸುತ್ತುಮುತ್ತ ನೂರಿಯ ಬೆನ್ನ ಮೇಲೆ ಕೂತು ಬೆವರದ ಮದುಮಗ ಕಡಿಮೆ. ಪಟಾಕಿ, ಬ್ಯಾಂಡು, ಫೋಟೋಗ್ರಾಫರ್ ಯಾವುದಕ್ಕೂ ಅದು ಕಿವಿ ಅಲ್ಲಾಡಿಸುತ್ತಿರಲಿಲ್ಲ. ಕಳೆದ ವರ್ಷ ಮಳೆಗಾಲದ ಹೊತ್ತಿಗೆ ಬ್ಯಾರಿಗಳ ಮೊಣಕಾಲಿಗೆ ಆಪರೇಶನ್ ಆಗಬೇಕೆಂದು ಡಾಕ್ಟರು ಹೇಳಿದರು. ಮೂರು ತಿಂಗಳು ಮಗಳ ಮನೆಯಲ್ಲಿ ಇರಬೇಕು, ಕುದುರೆಗಳನ್ನು ಯಾರಿಗೆ ಒಪ್ಪಿಸುವುದು ಎಂದು ಅವರು ಚಿಂತೆಯಲ್ಲಿದ್ದಾಗ, "ನಮ್ಮಲ್ಲಿ ಶೆಡ್ ಉಂಟಲ್ಲ" ಎಂದು ನಾನೇ ಹೇಳಿದೆ. ಅದು ಮಿಕ್ಸರ್ ಮಿಷಿನ್ ಮತ್ತು ಸೆಂಟ್ರಿಂಗ್ ಹಲಗೆ ಇಡುವ ಶೆಡ್ಡು. ನನ್ನ ಹಿತ್ತಿಲಿನಲ್ಲಿ ಮಣ್ಣಿನ ನೆಲ ಉಳಿದದ್ದು ಅಲ್ಲಿ ಮಾತ್ರ. ಅತಿಥಿಗಳನ್ನು ಮಣ್ಣಿನಲ್ಲಿ ನಿಲ್ಲಿಸುವುದುಂಟೇ? ಸಾಮಾನೆಲ್ಲ ಹೊರಗೆ ಹಾಕಿ, ಐದು ಇಂಚಿನ ಕಾಂಕ್ರೀಟ್ ಹಾಕಿಸಿದೆ. ನೀರು ಹರಿದು ಹೋಗಲು ಇಳಿಜಾರು ಕೊಟ್ಟೆ. ಕೊನೆಗೆ ಕರಣೆ ಹಿಡಿದು ನಾನೇ ಕೂತು ನುಣುಪು ಮಾಡಿದೆ. ಮುಖ ಕಾಣುವಷ್ಟು ನುಣುಪು.

ಕುದುರೆಗಳನ್ನು ಬಿಡಲು ಬಂದ ಬ್ಯಾರಿಗಳು ಕೋಲು ಊರಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತರು. ಕೋಲಿನ ತುದಿಯಿಂದ ನೆಲವನ್ನು ಒಮ್ಮೆ ಕುಟ್ಟಿದರು.

"ಇದು ಭಾರಿ ಗಟ್ಟಿ ಆಯ್ತಲ್ಲ ಗೌಡ್ರೆ. ಇದರ ಮೇಲೆ ಅವು ಮಲಗುದಿಲ್ಲ. ಒಂದು ಲೋಡ್ ಮಣ್ಣು ಹಾಕಿಸಿ, ಮೇಲೆ ದಪ್ಪಕ್ಕೆ ಮರದ ಹುಡಿಯೋ ಬೈಹುಲ್ಲೋ ಹಾಕಿ. ಬೆಳಿಗ್ಗೆ ನೋಡುವಾಗ ಮೈಗೆ ಹುಡಿ ಅಂಟಿರಬೇಕು. ಅಂಟಿದ್ರೆ ಮಲಗಿದೆ ಅಂತ ಲೆಕ್ಕ."

"ಆಯ್ತು ಆಯ್ತು, ಹಾಕಿಸುವ" ಎಂದು ತಲೆಯಾಡಿಸಿದೆ.

ಹಾಕಿಸಲಿಲ್ಲ. ಮರೆತದ್ದಲ್ಲ. ಅಷ್ಟು ಚಂದದ ನೆಲದ ಮೇಲೆ ಮಣ್ಣು ಸುರಿಯಲು ಕೈ ಬರಲಿಲ್ಲ. ಒಂದು ಮೂಲೆಯಲ್ಲಿ ಎರಡು ಸೂಡಿ ಹುಲ್ಲು ಹರಡಿದೆ, ಅದನ್ನೂ ಅವು ತಿಂದು ಮುಗಿಸಿದವು. ದಿನಾ ಬೆಳಿಗ್ಗೆ ಪೈಪ್ ಹಿಡಿದು ನೆಲ ತೊಳೆಯುತ್ತಿದ್ದೆ. ಲದ್ದಿಯ ಒಂದು ಕಣ ಇರುತ್ತಿರಲಿಲ್ಲ. ಮನೆಗೆ ಬಂದವರನ್ನೆಲ್ಲ ಶೆಡ್ಡಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಕುದುರೆ ನೋಡುತ್ತಿದ್ದರು. ನಾನು ಅವರ ಕಣ್ಣು ಯಾವಾಗ ನೆಲಕ್ಕೆ ಬೀಳುತ್ತದೆ ಎಂದು ನೋಡುತ್ತಿದ್ದೆ.

ಎರಡು ವಾರ ಕಳೆಯುವಾಗ ನೂರಿ ಹೊಸದೊಂದು ಅಭ್ಯಾಸ ಸುರು ಮಾಡಿತು. ಸುಮ್ಮನೆ ನಿಂತಿರುವಾಗ ತಲೆ ನಿಧಾನಕ್ಕೆ ಕೆಳಗಿಳಿಯುತ್ತಿತ್ತು, ಮುಂಗಾಲು ಮಡಚುತ್ತಿತ್ತು, ಇನ್ನೇನು ನೆಲಕ್ಕೆ ತಾಗಿತು ಎನ್ನುವಾಗ ಥಟ್ಟನೆ ಎದ್ದು ನಿಲ್ಲುತ್ತಿತ್ತು. ದಿಬ್ಬಣದ ಕುದುರೆಯಲ್ಲವೇ, ಬ್ಯಾರಿಗಳು ನಮಸ್ಕಾರ ಕಲಿಸಿರಬೇಕು ಎಂದುಕೊಂಡೆ. ಬಂದವರಿಗೆಲ್ಲ ಅದನ್ನು ತೋರಿಸಿದೆ. "ನೋಡಿ, ನಿಮಗೆ ನಮಸ್ಕಾರ ಮಾಡ್ತಾ ಉಂಟು" ಎಂದೆ. ಒಬ್ಬರು ಎರಡೂ ಕೈ ಮುಗಿದು ಅದಕ್ಕೆ ಮರುನಮಸ್ಕಾರ ಮಾಡಿದರು. ಈಗ ಅವರು ಎದುರು ಸಿಕ್ಕಿದರೆ ನಾನು ರಸ್ತೆಯ ಆಚೆ ಬದಿಗೆ ಹೋಗುತ್ತೇನೆ.

ಯಮುನಾ ಮಾತ್ರ ನಗಲಿಲ್ಲ. "ಇದು ಮಲಗುದೇ ಇಲ್ಲ ಅಲ್ವಾ?" ಎಂದಳು.

"ಕುದುರೆ ನಿಂತೇ ನಿದ್ದೆ ಮಾಡುದು. ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತುಂಟು."

"ಕಾಲಿನ ಗಂಟಿನಲ್ಲಿ ಗಾಯ ಆಗಿದೆ. ಒಮ್ಮೆ ಡಾಕ್ಟ್ರಿಗೆ ತೋರಿಸಿ."

ತಲೆಯಾಡಿಸಿದೆ. ಅದೇ ಸಂಜೆ ಬ್ಯಾರಿಗಳ ಫೋನ್ ಬಂತು. ಆಪರೇಶನ್ ಆಗಿ ಅವರೂ ನಿದ್ದೆ ಇಲ್ಲದೆ ಬಿದ್ದುಕೊಂಡಿದ್ದರು. "ಗೌಡ್ರೆ, ನೂರಿ ಮಲಗ್ತಾಳಾ?" ಎಂದು ಕೇಳಿದರು. ಕಾಲು ನೋಯುವವರಿಗೆ ಯಾಕೆ ಇನ್ನೊಂದು ಚಿಂತೆ ಎಂದು ನನಗೆ ನಾನೇ ಹೇಳಿಕೊಂಡು, "ಒಳ್ಳೆ ಮಲಗ್ತದೆ ಮಾರಾಯ್ರೆ" ಎಂದೆ. ಕಾಳಜಿಯಿಂದ ಹೇಳಿದ ಸುಳ್ಳು ಎಂದು ಬಹಳ ದಿನ ನಂಬಿದ್ದೆ. ನಿಜ ಹೇಳಿದ್ದರೆ ಮಣ್ಣು ಹಾಕಿಸಬೇಕಾಗುತ್ತಿತ್ತು, ಅಷ್ಟೇ.

ನಿಜ ಹೊರಬರಲು ಇನ್ನೊಂದು ವಾರ ಸಾಕಾಯಿತು. ಬೆಳಿಗ್ಗೆ ನಾನು ನೆಲ ತೊಳೆದು ಪೈಪ್ ಸುತ್ತುತ್ತಿದ್ದೆ. ನೂರಿ ಹಿಂದಕ್ಕೆ ತಿರುಗಲು ಹೋಯಿತು. ಹಿಂಗಾಲು ಒದ್ದೆ ನೆಲದಲ್ಲಿ ಜಾರಿತು, ಇಡೀ ಮೈ ಪಕ್ಕಕ್ಕೆ ಬಿತ್ತು. ಆ ಶಬ್ದವನ್ನು ನಾನು ಬರೆಯುವುದಿಲ್ಲ. ಎದ್ದೇಳಲು ಮೂರು ಸಲ ನೋಡಿತು. ಗೊರಸಿಗೆ ಹಿಡಿಯಲು ಆ ನೆಲದಲ್ಲಿ ಏನೂ ಇರಲಿಲ್ಲ. ನಾನು ಏನನ್ನೂ ಬಿಟ್ಟಿರಲಿಲ್ಲ.

ಪಶುವೈದ್ಯರು ಬಂದರು. ಚಿಕ್ಕ ಪ್ರಾಯದ ಹೆಣ್ಣುಮಗಳು, ಮಾತು ಕಡಿಮೆ. ಸೊಂಟದ ಎಲುಬು ಮುರಿದಿದೆ ಎಂದರು. ಆಮೇಲೆ ಮುಂಗಾಲಿನ ಗಾಯ ನೋಡಿ, "ಇದು ಎಷ್ಟು ದಿನದಿಂದ ಉಂಟು?" ಎಂದು ಕೇಳಿದರು. ನಾನು ನಮಸ್ಕಾರದ ವಿಷಯ ಹೇಳಿದೆ.

"ನಮಸ್ಕಾರ ಅಲ್ಲ ಸರ್. ನಿಂತು ತೂಕಡಿಸಬಹುದು, ಆದ್ರೆ ಸರಿಯಾದ ನಿದ್ದೆಗೆ ಅವು ಮಲಗಲೇಬೇಕು. ಇಷ್ಟು ದಿನ ಮಲಗದೆ, ನಿಂತಲ್ಲೇ ನಿದ್ದೆ ಬಂದು ಮುಗ್ಗರಿಸ್ತಾ ಇದ್ದದ್ದು."

ಆಮೇಲೆ ಎಲ್ಲವೂ ಬಂತು. ಮಿಲ್ಲಿನಿಂದ ಒಂದು ಪಿಕಪ್ ಮರದ ಹುಡಿ, ಹನ್ನೆರಡು ಕಟ್ಟು ಬೈಹುಲ್ಲು, ಪಕ್ಕದ ಮನೆಯ ಹಾಸಿಗೆ ಕೂಡ. ನಾಲ್ಕು ಜನ ಸೇರಿ ನೂರಿಯ ಮೈ ಕೆಳಗೆ ತುಂಬಿಸಿದೆವು. ನೋವಿನ ಇಂಜೆಕ್ಷನ್ ಕೊಟ್ಟ ಮೇಲೆ ಅದು ಕತ್ತು ಚಾಚಿ ನಿದ್ದೆ ಮಾಡಿತು. ಗೊರಕೆ ಹೊಡೆಯುತ್ತಾ, ಎಲ್ಲೋ ಓಡುತ್ತಿರುವಂತೆ ಮುಂಗಾಲು ಅಲುಗಾಡಿಸುತ್ತಾ. ನಮ್ಮ ಮನೆಗೆ ಬಂದ ಮೇಲೆ ಅದು ಮಲಗಿದ್ದು ಅದೇ ಮೊದಲು. ಯಮುನಾ ತಲೆಯ ಹತ್ತಿರ ಕೂತು ನೊಣ ಓಡಿಸುತ್ತಿದ್ದಳು. ಮರುದಿನ ಮಧ್ಯಾಹ್ನ ಗೊರಕೆ ನಿಂತಿತು.

ಹೂಳಬೇಕಲ್ಲ. ಜೆಸಿಬಿಯವನು ಬಂದು ಹಿತ್ತಿಲನ್ನು ಒಂದು ಸುತ್ತು ನೋಡಿ, "ಎಲ್ಲಿ ಅಗೆಯುದು?" ಎಂದು ಕೇಳಿದ. ನಾನೂ ಸುತ್ತು ನೋಡಿದೆ. "ಹೂಳ್ಲಿಕ್ಕೆ ಕೂಡ ಜಾಗ ಇಟ್ಟಿಲ್ಲ ನೀವು" ಎಂದಳು ಯಮುನಾ. ಅವಳು ಆ ವಿಷಯದಲ್ಲಿ ಹೇಳಿದ್ದು ಅಷ್ಟೇ. ಪಕ್ಕದವರು ತಮ್ಮ ರಬ್ಬರ್ ತೋಟದ ಬದಿಯಲ್ಲಿ ಜಾಗ ಕೊಟ್ಟರು.

ನೂರಿ ಹೋಯಿತು ಎಂದಷ್ಟೇ ಫೋನಿನಲ್ಲಿ ಹೇಳಿದ್ದೆ. ಬ್ಯಾರಿಗಳು ರಿಕ್ಷಾದಲ್ಲಿ, ವಾಕರ್ ಹಿಡಿದುಕೊಂಡು ಬಂದರು. ಗುಂಡಿಯ ಬದಿಯಲ್ಲಿ ಕುರ್ಚಿ ಹಾಕಿ ಕೂರಿಸಿದೆವು. "ಪ್ರಾಯ ಆಗಿತ್ತು ಅವಳಿಗೆ" ಎಂದರು, ನನ್ನನ್ನು ಸಮಾಧಾನ ಮಾಡುವವರಂತೆ. ನನಗೆ ತಡೆಯಲಾಗಲಿಲ್ಲ. ಮಣ್ಣು ಹಾಕಿಸದೆ ಬಿಟ್ಟದ್ದು, ಅದು ಮಲಗದೇ ಇದ್ದದ್ದು, ಫೋನಿನಲ್ಲಿ ಸುಳ್ಳು ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೇಳಿ ಮುಗಿಸಿದಾಗ ಎದೆ ಹಗುರಾಯಿತು. ಬ್ಯಾರಿಗಳು ನನ್ನನ್ನು ಬಯ್ದುಬಿಡಲಿ ಎಂದು ಕಾದೆ. ಅವರು ವಾಕರಿನ ಹಿಡಿ ನೋಡುತ್ತಾ ಕೂತರು.

"ಇದನ್ನು ನನಗೆ ಯಾಕೆ ಹೇಳಿದ್ರಿ ಗೌಡ್ರೆ? ಪ್ರಾಯ ಆಗಿ ಹೋದದ್ದು ಅಂತ ನಾನು ತಿಳ್ಕೊಂಡಿದ್ದೆ."

ಎದೆ ಹಗುರವಾದದ್ದು ನನ್ನದು ಮಾತ್ರ ಎಂದು ಆಗ ಗೊತ್ತಾಯಿತು.

ಸುಲ್ತಾನನನ್ನು ಅವರು ಕರೆದುಕೊಂಡು ಹೋಗುವ ಹಾಗಿರಲಿಲ್ಲ, ಕಾಲು ಇನ್ನೂ ಗುಣವಾಗಬೇಕಿತ್ತು. ಮರುದಿನ ಅವನನ್ನು ಹೊರಗೆ ಕಟ್ಟಿ, ಬ್ರೇಕರ್ ಮಿಷಿನ್ ತರಿಸಿ ನೆಲ ಒಡೆಯಲು ಹೊರಟೆ. ಆಳುಗಳನ್ನು ಕರೆಯಲಿಲ್ಲ. ನನ್ನ ಕೆಲಸದ ಗಟ್ಟಿತನ ನನಗೆ ಪೂರ್ತಿ ತಿಳಿದದ್ದು ಆ ಎರಡು ದಿನಗಳಲ್ಲಿ. ಒಂದು ಉಳಿ ತುಂಡಾಯಿತು, ನನ್ನ ಭುಜ ಹಿಡಿದುಕೊಂಡಿತು, ನೆಲ ಮಾತ್ರ ಅಂಗೈಯಷ್ಟಗಲದ ಚೂರುಗಳಾಗಿ ಬೇಕೋ ಬೇಡವೋ ಎಂಬಂತೆ ಎದ್ದು ಬಂತು. ಮಣ್ಣು ತುಂಬಿಸಿ, ದಮ್ಮಸು ಮಾಡಿ, ಮೇಲೆ ಒಂದು ಮೊಳ ದಪ್ಪಕ್ಕೆ ಮರದ ಹುಡಿ ಹಾಕಿದೆ. ಸುಲ್ತಾನ ಎರಡು ದಿನ ನಿಂತೇ ಇದ್ದ. ನೂರಿ ನಿಲ್ಲುತ್ತಿದ್ದ ಕಡೆಗೆ ಮುಖ ಮಾಡಿಕೊಂಡು, ಹುಲ್ಲು ಮುಟ್ಟದೆ. ಮೂರನೆಯ ದಿನ ಬೆಳಿಗ್ಗೆ ಹೋದಾಗ ಅವನ ಹೊಟ್ಟೆಗೆ, ಭುಜಕ್ಕೆ, ಒಂದು ಕೆನ್ನೆಗೆ ಮರದ ಹುಡಿ ಅಂಟಿತ್ತು. ನಿಂತಲ್ಲಿಂದಲೇ ಬ್ಯಾರಿಗಳಿಗೆ ಫೋನ್ ಮಾಡಿ, ಸುಲ್ತಾನ ಮಲಗಿದ್ದ ಎಂದು ಹೇಳಿದೆ.

"ಒಂದು ಫೋಟೋ ಕಳಿಸಿ" ಎಂದರು ಬ್ಯಾರಿಗಳು.

ಮೂವತ್ತು ವರ್ಷದಲ್ಲಿ ಅವರು ನನ್ನ ಮಾತಿಗೆ ಸಾಕ್ಷಿ ಕೇಳಿದ್ದು ಅದೇ ಮೊದಲು. ಆಯಿತು ಎಂದು ಹಿಂದೆ ಸರಿದು, ಒಂದು ಮೂಲೆಗೆ ಹೋಗಿ, ಬೆಳಕು ನೋಡಿ ಫೋಟೋ ತೆಗೆದೆ. ಕಳಿಸುವ ಮೊದಲು ಒಮ್ಮೆ ನೋಡಿದರೆ, ಸಮತಟ್ಟಾಗಿ ಹರಡಿದ ಹೊಸ ನೆಲ ಈ ಕೊನೆಯಿಂದ ಆ ಕೊನೆಯವರೆಗೆ ಬಹಳ ಚೆನ್ನಾಗಿ ಬಂದಿತ್ತು. ಕುದುರೆಯ ಕಾಲು ಮಾತ್ರ ಕಾಣುತ್ತಿತ್ತು. ಅದನ್ನು ಅಳಿಸಿ, ಸುಲ್ತಾನನ ಹತ್ತಿರ ಹೋಗಿ ಇನ್ನೊಂದು ತೆಗೆದೆ.